ದೊಡ್ಡ ಡೋನು ತಪ್ಪಿಸಿಕೊಂಡ ಶನಿವಾರ

“ಇದೂ ಹೆಣ್ಣೇ!”

ವಾಸಿತಿ ಮೀನಿನ ಹೊಟ್ಟೆಯಿಂದ ಮೊಟ್ಟೆಯ ಚೀಲವನ್ನು ಎಳೆದು ಬೋಗುಣಿಗೆ ಹಾಕಿದಳು. “ಅಜ್ಜಿ, ಬೆಳಿಗ್ಗೆಯಿಂದ ಒಂದಾದ್ರೂ ಗಂಡು ಸಿಕ್ತಾ ನೋಡು.”

“ಸಿಕ್ಕಿ ಏನಾಗ್ಬೇಕು? ಮದುವೆ ಮಾಡಿಸ್ತೀಯಾ?” ಅಜ್ಜಿ ಚಾಕು ನಿಲ್ಲಿಸಲಿಲ್ಲ. “ಮೊಟ್ಟೆ ಇದ್ರೆ ಸಾರಿಗೆ ರುಚಿ. ಬೇಗ ಬೇಗ ಕೈ ಆಡಿಸು.”

ಎಲ್ಲವೂ ಡೋನು ಮೀನುಗಳು. ಕೆಂಪು ಮೈ, ಮೈತುಂಬ ನೀಲಿ ಚುಕ್ಕೆ. ಫಿಜಿಯ ಆ ಪುಟ್ಟ ದ್ವೀಪದಲ್ಲಿ ದೋಣಿ ಹತ್ತಿ ಡೋನು ಹಿಡಿಯುವುದು ಗಂಡಸರ ಕೆಲಸ, ಕುಯ್ದು ತೊಳೆಯುವುದು ಹೆಂಗಸರ ಕೆಲಸ. ಹಾಗಾಗಿ ಮೀನಿನ ಉದ್ದ ಎಷ್ಟೆಂದು ಗಂಡಸರಿಗೆ ಗೊತ್ತಿತ್ತು, ಅದರ ಹೊಟ್ಟೆಯೊಳಗೆ ಏನಿದೆ ಎಂದು ಹೆಂಗಸರಿಗೆ ಗೊತ್ತಿತ್ತು. ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ವಾಸಿತಿಯ ಅಪ್ಪ ಸೈರುಸಿ ಊರಿಗೆಲ್ಲ ಹೆಸರುವಾಸಿ. ವರ್ಷಕ್ಕೊಮ್ಮೆ ನಡೆಯುವ ‘ಅತಿ ದೊಡ್ಡ ಡೋನು’ ಸ್ಪರ್ಧೆಯಲ್ಲಿ ಅವನನ್ನು ಸೋಲಿಸಿದವರೇ ಇಲ್ಲ. ಈ ಸಲದ ಸ್ಪರ್ಧೆ ಬರುವ ಶನಿವಾರ. ಗೆದ್ದವರಿಗೆ ಒಂದು ಕೊಬ್ಬಿದ ಹಂದಿ. ಸ್ಪರ್ಧೆಗೆ ಹೆಸರು ಕೊಟ್ಟವರಿಂದ ಬಂದ ದುಡ್ಡು ಶಾಲೆಯ ಚಾವಣಿಗೆ. ಹಳೆಯ ಚಾವಣಿಯನ್ನು ಚಂಡಮಾರುತ ಹೊತ್ತುಕೊಂಡು ಹೋಗಿತ್ತು. ಮಕ್ಕಳು ಟಾರ್ಪಾಲಿನ ಕೆಳಗೆ ಕೂತು ಓದುತ್ತಿದ್ದರು.

ಮರುದಿನ ಆ ಟಾರ್ಪಾಲಿನ ಕೆಳಗೇ ವಾಸಿತಿ ಕೈ ಎತ್ತಿದಳು. “ಸಾರ್, ಡೋನುಗಳಲ್ಲಿ ಗಂಡು ಯಾಕಿಲ್ಲ?”

ಕಿತಿಯೋನಿ ಮೇಷ್ಟ್ರಿಗೆ ಖುಷಿಯಾಯಿತು. “ಒಳ್ಳೇ ಪ್ರಶ್ನೆ! ಡೋನು ಹುಟ್ಟುವಾಗ ಹೆಣ್ಣು. ವರ್ಷಗಟ್ಟಲೆ ಬೆಳೆದು ದೊಡ್ಡದಾದ ಮೇಲೆ, ಅದರಲ್ಲಿ ಕೆಲವು ಗಂಡಾಗ್ತವೆ.”

ಕ್ಲಾಸಿನಲ್ಲಿ ಗುಲ್ಲೆದ್ದಿತು. ವಾಸಿತಿಯ ದೊಡ್ಡಪ್ಪನ ಮಗ ಪೇನಿ ಎದ್ದು ನಿಂತ. “ಅಂದ್ರೆ ಪ್ರಮೋಷನ್ ಸಾರ್!”

“ಹಾಗಾದ್ರೆ ನೀನಿನ್ನೂ ಪಾಸೇ ಆಗಿಲ್ಲ, ಕೂತ್ಕೊ,” ಅಂದಳು ವಾಸಿತಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವಳು ಮತ್ತೆ ಕೇಳಿದಳು. “ಸಾರ್, ದೊಡ್ಡದೇ ಗಂಡು ಅಂದ್ರೆ... ದೊಡ್ಡದನ್ನೆಲ್ಲ ನಾವೇ ಹಿಡಿದ್ಬಿಟ್ರೆ?”

“ಆಗ ಇನ್ನೊಂದು ಹೆಣ್ಣು ದೊಡ್ಡದಾಗಿ...”

“ಅದನ್ನೂ ಹಿಡಿದ್ರೆ?”

ಮೇಷ್ಟ್ರು ಕೆಮ್ಮಿದರು. ತಲೆಯ ಮೇಲೆ ಟಾರ್ಪಾಲು ಪಟಪಟ ಬಡಿದುಕೊಂಡಿತು. ಡೋನು ಸ್ಪರ್ಧೆ ಅವರದೇ ಐಡಿಯಾ.

“ಈ ಪ್ರಶ್ನೆ ಜೋಪಾನವಾಗಿ ಇಟ್ಕೊಂಡಿರು ವಾಸಿತಿ,” ಅಂದರು. “ಚಾವಣಿ ಆದ ಮೇಲೆ ಮಾತಾಡೋಣ.”

ಆ ಸಂಜೆ ಗಂಡಸರೆಲ್ಲ ಚಾಪೆಯ ಮೇಲೆ ಯಂಗೋನ ಎಂಬ ಬೇರಿನ ಪಾನೀಯದ ದೊಡ್ಡ ಬಟ್ಟಲಿನ ಸುತ್ತ ಕೂತಿದ್ದರು. ಕಡಲಲ್ಲಿ ದೊಡ್ಡ ಡೋನು ಯಾಕೆ ಸಿಗುತ್ತಿಲ್ಲ ಎನ್ನುವುದೇ ಚರ್ಚೆ. ವಾಸಿತಿ ಬೇಯಿಸಿದ ಮರಗೆಣಸಿನ ತಟ್ಟೆ ಹಿಡಿದು ಅಜ್ಜಿಯ ಜೊತೆ ಒಳಗೆ ಬಂದಳು.

“ನೀರು ಬಿಸಿಯಾಗಿದೆ,” ಅಂದ ಒಬ್ಬ.

“ದೊಡ್ಡ ದ್ವೀಪದ ಕಬ್ಬಿನ ಗದ್ದೆಯ ಗೊಬ್ಬರ ಹೊಳೆಯಲ್ಲಿ ಇಳಿದು ಬರ್ತಿದೆ,” ಅಂದ ಇನ್ನೊಬ್ಬ.

“ಪಕ್ಕದೂರಿನವರು ಕದೀತಿದ್ದಾರೆ,” ಎಂದು ಮೂರನೆಯವನು ಹೇಳಿದಾಗ ಎಲ್ಲರೂ ತಲೆಯಾಡಿಸಿದರು.

ಊರ ಯಜಮಾನ ಅಪಿಸಾಯಿ ತನ್ನ ತೆಂಗಿನ ಚಿಪ್ಪು ಬರಿದು ಮಾಡಿ ಬಾಯಿ ಒರೆಸಿಕೊಂಡ. “ನಮ್ಮ ಹೆಂಗಸರು ದಡದಲ್ಲಿ ಬಲೆ ಹಾಕ್ತಾರಲ್ಲ, ಅದೇ ಕಾರಣ. ಕ್ರಿಸ್ಮಸ್ಸಿನ ತನಕ ಅವರು ಬಲೆ ಹಿಡಿಯೋದು ಬೇಡ.”

ಹೆಂಗಸರ ಬಲೆಗೆ ಬೀಳುತ್ತಿದ್ದದ್ದು ಬೆರಳುದ್ದದ ಬೆಳ್ಳಿಮೀನು. ವಾಸಿತಿ ಬಾಯಿ ತೆರೆದಳು. ಅಪ್ಪ ಕಣ್ಣಲ್ಲೇ ಗದರಿಸಿದ. ತಟ್ಟೆ ಇಟ್ಟು ಹೊರಗೆ ಬಂದಳು.

“ಯಾಕಜ್ಜಿ ಸುಮ್ಮನಿದ್ದೆ?”

“ನಾನೆಲ್ಲಿ ಸುಮ್ಮನಿದ್ದೀನಿ?” ಅಂದಳು ಅಜ್ಜಿ.

ಮರುದಿನ ಗಂಡಸರು ತಂದು ಸುರಿದ ಮೀನನ್ನು ಕುಯ್ಯಲು ಒಬ್ಬ ಹೆಂಗಸೂ ದಡಕ್ಕೆ ಬರಲಿಲ್ಲ. ಅಪಿಸಾಯಿ ತಾನೇ ಚಾಕು ಹಿಡಿದು ಹೆಬ್ಬೆರಳು ಕುಯ್ದುಕೊಂಡ. ಸಂಜೆಯ ಹೊತ್ತಿಗೆ ಬಲೆಯ ವಿಷಯ ಯಾರಿಗೂ ನೆನಪಿರಲಿಲ್ಲ.

ಶನಿವಾರ ವಾಸಿತಿಯ ಅಪ್ಪನ ಜೊತೆ ಹೋಗಬೇಕಿದ್ದ ಪೇನಿಗೆ ರಗ್ಬಿ ಮ್ಯಾಚು ಇತ್ತು. ಸೋರುವ ದೋಣಿ, ನೀರು ಎತ್ತಿ ಹಾಕಲು ಯಾರಾದರೂ ಬೇಕೇ ಬೇಕು. “ನೀನೇ ಬಾ,” ಅಂದ ಅಪ್ಪ. “ಮಾತು ಕಡಿಮೆ ಇರಲಿ.”

ಪೂರ್ವದ ಕಡೆ, ಹವಳದ ದಿಬ್ಬ ಸೀಳಿಕೊಂಡು ಕಡಲು ಒಳಗೆ ನುಗ್ಗುವ ಒಂದು ಸಂದು ಇತ್ತು. ಅಲ್ಲಿ ಸೆಳೆತ ಜಾಸ್ತಿ. ಬೇರೆಯವರು ದೋಣಿ ತರಲು ಹೆದರುತ್ತಿದ್ದರು. ಅಪ್ಪ ಗಾಳ ಇಳಿಬಿಟ್ಟು ಕೂತ. ಬಿಸಿಲೇರಿತು. ವಾಸಿತಿ ಡಬ್ಬಿಯಲ್ಲಿ ನೀರು ಮೊಗೆದು ಮೊಗೆದು ಚೆಲ್ಲಿದಳು.

ಇದ್ದಕ್ಕಿದ್ದಂತೆ ದಾರ ಬಿಗಿಯಿತು. ಅಪ್ಪ ಎದ್ದು ಕಾಲು ಊರಿದ. ಎಳೆದ, ಸಡಿಲ ಬಿಟ್ಟ, ಮತ್ತೆ ಎಳೆದ. ದಾರ ಅಂಗೈಯನ್ನು ಕೊರೆಯಿತು. ಕೊನೆಗೆ ದೋಣಿಯ ಪಕ್ಕದಲ್ಲಿ ಕೆಂಪು ಬೆನ್ನೊಂದು ಮೇಲೆ ಬಂತು. ಉದ್ದದಲ್ಲಿ ಅದು ವಾಸಿತಿಯ ಸೊಂಟ ಮುಟ್ಟುವಷ್ಟಿತ್ತು.

“ಅಬ್ಬಬ್ಬಾ!” ಅಪ್ಪ ಮಗುವಿನ ಹಾಗೆ ನಕ್ಕ. “ಇಂಥದ್ದು ನೋಡಿ ವರ್ಷಗಳೇ ಆಯ್ತು! ಹಂದಿ ನಮ್ಮದೇ ಕಣೇ!”

ಮಾತು ಕಡಿಮೆ ಇರಲಿ ಎಂದದ್ದು ವಾಸಿತಿಗೆ ನೆನಪಿತ್ತು. ಆದರೂ ಅಂದಳು. “ಅಪ್ಪ, ಇದು ಗಂಡು. ಇಲ್ಲಿ ಇದೊಂದೇ ಉಳಿದಿರೋದೇನೋ.”

“ಅದ್ಹೇಗೆ ಹೇಳ್ತೀಯ?”

“ದಿನಾ ಹೊಟ್ಟೆ ಕುಯ್ಯೋಳು ನಾನಲ್ವಾ? ನೀನು ತರೋದೆಲ್ಲ ಹೆಣ್ಣೇ. ದೊಡ್ಡದಾದ ಮೇಲೇನೇ ಗಂಡಾಗೋದಂತೆ, ಮೇಷ್ಟ್ರು ಹೇಳಿದ್ರು. ಗಂಡೇ ಇಲ್ದಿದ್ರೆ ಅಷ್ಟೊಂದು ಮೊಟ್ಟೆ ಇದ್ದೂ ಮರಿ ಎಲ್ಲಿಂದ ಬರುತ್ತೆ?”

ಅಪ್ಪನ ನಗು ಹೋಯಿತು. “ಇದನ್ನ ಮೊದಲೇ ಹೇಳೋಕೇನಾಗಿತ್ತು?”

“ಹೇಳೋಕೆ ಬಂದೆ. ನೀನು ಕಣ್ಣು ಬಿಟ್ಟೆ.”

ಅಪ್ಪ ಮೀನನ್ನೇ ನೋಡುತ್ತ ನಿಂತ. ಅದರ ಕಿವಿರು ತೆರೆದು ಮುಚ್ಚುತ್ತಿತ್ತು. “ಥತ್!” ಎಂದು ಯಾರನ್ನೋ ಬೈದ. ಮಗಳನ್ನೋ, ಮೇಷ್ಟ್ರನ್ನೋ, ಮೀನನ್ನೋ ತಿಳಿಯಲಿಲ್ಲ. ಆಮೇಲೆ ಬಗ್ಗಿ, ಗಾಳ ಬಿಡಿಸಿ, ಮೀನನ್ನು ನೀರಿನಲ್ಲೇ ಎರಡು ಕೈಯಲ್ಲಿ ಹಿಡಿದುಕೊಂಡ. ಅದು ಬಾಲ ಬೀಸಿತು. ಅಪ್ಪನ ಮುಖಕ್ಕೆ ನೀರು ಚಿಮ್ಮಿಸಿ ಕೆಳಗೆ ಇಳಿದುಹೋಯಿತು.

ದಡದಲ್ಲಿ ಊರಿಗೆ ಊರೇ ನೆರೆದಿತ್ತು. ತಕ್ಕಡಿಯಲ್ಲಿ ಮೊಣಕೈ ಉದ್ದದ ಡೋನು ತೂಗಾಡುತ್ತಿತ್ತು. ಅಪಿಸಾಯಿಯದು. ಅದರ ಹೊಟ್ಟೆ ಮೊಟ್ಟೆಯಿಂದ ಉಬ್ಬಿತ್ತು.

“ಸೈರುಸಿ, ಎಲ್ಲಿ ನಿನ್ನ ಮೀನು?”

“ದೊಡ್ಡದೇ ಬಿದ್ದಿತ್ತು,” ಅಂದ ಅಪ್ಪ. “ದಾರ ಕಡೀತು.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಪ್ಪಿಸ್ಕೊಂಡ ಮೀನು ಯಾವತ್ತಾದ್ರೂ ಸಣ್ಣದಿರುತ್ತಾ?” ಅಪಿಸಾಯಿ ಹಂದಿಯ ಹಗ್ಗ ಹಿಡಿದುಕೊಂಡು ಅಪ್ಪನ ಬೆನ್ನು ತಟ್ಟಿದ. “ಹುಡುಗೀನ ದೋಣಿ ಹತ್ತಿಸಿದ್ಯಲ್ಲಪ್ಪ. ಮತ್ತೇನಾಗುತ್ತೆ?”

ವಾಸಿತಿಯ ಕಿವಿ ಬಿಸಿಯಾಯಿತು. ಅಪ್ಪ ಈಗ ನಿಜ ಹೇಳುತ್ತಾನೆ ಎಂದು ಕಾದಳು. ಅಪ್ಪ ಸುಮ್ಮನೆ ದೋಣಿಯ ಹಗ್ಗ ಸುತ್ತುತ್ತಿದ್ದ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಪೇನಿ ಮೈಯೆಲ್ಲ ಮಣ್ಣು ಮಾಡಿಕೊಂಡು ಓಡಿ ಬಂದ. “ಲೇ ವಾಸಿತಿ, ನಿಜವಾಗ್ಲೂ ಅಷ್ಟು ದೊಡ್ಡದಿತ್ತಾ? ದಾರ ಎಲ್ಲಿ ಕಡೀತು?”

ನಗುತ್ತಿದ್ದವರೆಲ್ಲ ಒಮ್ಮೆಗೇ ಅವಳ ಕಡೆ ಕಿವಿಯಾನಿಸಿದರು. ಅಪಿಸಾಯಿ ಕೂಡ ಹಂದಿಯನ್ನು ಬಿಟ್ಟು ಇತ್ತ ತಿರುಗಿದ. ನಾಳೆ ಭಾನುವಾರ, ಪ್ರಾರ್ಥನೆಯ ದಿನ, ಯಾರೂ ಕಡಲಿಗೆ ಇಳಿಯುವಂತಿಲ್ಲ. ಆದರೆ ಸೋಮವಾರ? ಸೆಳೆತ ಇರಲಿ, ಸುಳಿ ಇರಲಿ, ಬೆಳಕು ಹರಿಯುವ ಮೊದಲೇ ಊರಿನ ಅಷ್ಟೂ ದೋಣಿಗಳು ಪೂರ್ವದ ಆ ಸಂದಿನಲ್ಲಿ ಇರುತ್ತವೆ.

ವಾಸಿತಿ ಅಪ್ಪನ ಕಡೆ ನೋಡಿದಳು. ಅಪ್ಪ ಇನ್ನೂ ಹಗ್ಗ ಸುತ್ತುತ್ತಲೇ ಇದ್ದ. ಸುತ್ತಿ ಮುಗಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಅವಳ ಸಿಟ್ಟು ಎಲ್ಲಿ ಹೋಯಿತೋ.

“ಅಲ್ಲಿ,” ಎಂದು ಕೈ ಎತ್ತಿ ಪಶ್ಚಿಮದ ಕಡೆ ತೋರಿಸಿದಳು. ಅಲ್ಲಿ ಕಡಲಡಿ ಇರುವುದು ಬರೀ ಮರಳು.

ಅಪ್ಪ ತಲೆ ಎತ್ತಿ ಅವಳ ಬೆರಳು ಹೋದ ದಿಕ್ಕಿಗೆ ಬಹಳ ಹೊತ್ತು ನೋಡಿದ.

“ಹೂಂ,” ಅಂದ. “ಅಲ್ಲೇ.”