ಗಾಯ ಮಾಗಿದ ಮೇಲೂ ಹರಿದ ರಕ್ತ

ಡ್ರೈವರ್ ಇಸಾಯಾ ಆಸ್ಪತ್ರೆಯ ವ್ಯಾನಿನ ಗಾಜು ಒರೆಸುತ್ತಿದ್ದಾಗ ಅಲಿತಾಸಿ ಬರಿಗಾಲಲ್ಲಿ ಓಡಿಬಂದಳು. ಸವಾಯಿ ದ್ವೀಪದ ಆ ಊರಿಗೆ ಅವಳೇ ನಾಟಿ ವೈದ್ಯೆ. ಸೊಪ್ಪು ಅರೆದು ಕುಡಿಸುವುದು, ಕೈಕಾಲಿಗೆ ಎಣ್ಣೆ ತಿಕ್ಕುವುದು, ಇದರಲ್ಲೇ ಮುದುಕಿಯಾದವಳು. ಕಂಕುಳಲ್ಲಿ ಒಂದು ಫ್ಲಾಸ್ಕ್ ಇತ್ತು.

"ಡಾಕ್ಟ್ರಮ್ಮ ಇದಾರೇನಪ್ಪ? ಇವತ್ತು ಸಂಜೆ ಪಂಚಾಯ್ತಿ ಕೂರುತ್ತಂತೆ. ನನ್ನನ್ನೂ ನನ್ನ ಮಕ್ಳು ಮೊಮ್ಮಕ್ಳನ್ನೂ ಊರು ಬಿಡಿಸ್ತಾರಂತೆ. ಲೆವಾಸಾ ಒಡೆಯರಿಗೆ ನಾನು ವಿಷ ಹಾಕಿದೀನಂತೆ!"

ಇಸಾಯಾ ಬಟ್ಟೆ ಕೆಳಗಿಟ್ಟ. ಡಾಕ್ಟರ್ ಲಂಗಿಮಾಯಿನಾ ಅವರ ಜೊತೆ ಹಳ್ಳಿ ಹಳ್ಳಿ ತಿರುಗಿಯೇ ಅವನ ತಲೆ ನರೆತಿತ್ತು. ಚರ್ಚಿನ ಗಂಟೆ ಕಳುವಾದಾಗ ಪೊಲೀಸರಿಗಿಂತ ಮುಂಚೆ ಜನ ತಟ್ಟಿದ್ದು ಆ ಡಾಕ್ಟರಮ್ಮನ ಬಾಗಿಲನ್ನೇ. ಕದ್ದವನನ್ನು ಅವರು ಹಿಡಿದಾಗ ಇಸಾಯಾ ಪಕ್ಕದಲ್ಲೇ ನಿಂತಿದ್ದ.

"ಬಾ ದೊಡ್ಡಮ್ಮ. ಮೊದ್ಲು ಉಸಿರು ಬಿಡು," ಅಂದ.

ಆಸ್ಪತ್ರೆಯಲ್ಲಿ ಆಗ ಒಂದು ಸಂಶೋಧನೆ ನಡೆಯುತ್ತಿತ್ತು. ಹೃದಯದ ಕವಾಟ ಬದಲಾಯಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಗುಳಿಗೆ ನುಂಗಬೇಕು. ಅಂಥವರ ಹೊಟ್ಟೆಯೊಳಗೆ ರಕ್ತ ಒಸರಿದರೆ ಎಲ್ಲಿಂದ ಎಂದು ಹುಡುಕುವುದು ಹೇಗೆ, ಹೃದಯಕ್ಕೆ ತೊಂದರೆಯಾಗದಂತೆ ಅದನ್ನು ನಿಲ್ಲಿಸುವುದು ಹೇಗೆ ಎನ್ನುವುದು ಅವರ ಹುಡುಕಾಟ. ಅಂಥ ಕವಾಟವಿದ್ದ ಊರಿನ ಹಿರಿಯ ಲೆವಾಸಾ ಒಡೆಯರು ಅದಕ್ಕೆ ಮೊದಲು ಒಪ್ಪಿಕೊಂಡವರು. ಅವರ ಹೊಟ್ಟೆಯಲ್ಲಿದ್ದ ಹುಣ್ಣಿಗೆ ಔಷಧಿ ಕೊಟ್ಟು ಮನೆಗೆ ಕಳಿಸಿದ್ದರು. ಕೆಲವು ವಾರದಲ್ಲೇ ಮಲ ಟಾರಿನ ಹಾಗೆ ಕಪ್ಪಾಗಿ, ಮುಖ ಬಿಳಿಚಿ, ಅವರು ಮತ್ತೆ ಇದೇ ವ್ಯಾನಿನಲ್ಲಿ ಮಲಗಿ ಬಂದಿದ್ದರು.

"ಆಕ್ಲೆಂಡಿಂದ ಬಂದಿದಾನಲ್ಲ ಅವ್ರ ಮಗ ಪೊಲೋಮ, ಅವ್ನೇ ಊರೆಲ್ಲ ಹೇಳ್ಕೊಂಡು ತಿರುಗ್ತಿರೋದು," ಎಂದು ಅಲಿತಾಸಿ ಡಾಕ್ಟರಮ್ಮನ ಮುಂದೆ ಅತ್ತಳು. "ನನ್ನ ಸೊಪ್ಪಿನ ರಸದಿಂದಾನೇ ರಕ್ತ ಹೋಗಿದ್ದಂತೆ."

"ಆ ಫ್ಲಾಸ್ಕಲ್ಲಿ ಏನಿದೆ ದೊಡ್ಡಮ್ಮ?" ಎಂದು ಕೇಳಿದರು ಡಾಕ್ಟರಮ್ಮ.

ಅಲಿತಾಸಿ ತಲೆ ತಗ್ಗಿಸಿದಳು. "ಅದೇ ರಸ. ಒಡೆಯರು ಬೇಕು ಅಂತಾರೆ. ನರ್ಸಮ್ಮನ ಕಣ್ಣು ತಪ್ಪಿಸಿ ದಿನಾ ತಂದು ಕುಡಿಸ್ತಿದೀನಿ. ಬೈಬೇಡಿ."

ಯಾರಾದರೂ ಕೇಳಿಸಿಕೊಂಡರೇ ಎಂದು ಇಸಾಯಾ ಬಾಗಿಲ ಕಡೆ ನೋಡಿದ. ಈ ಮುದುಕಿ ತನ್ನ ಕೊರಳಿಗೆ ತಾನೇ ಹಗ್ಗ ಬಿಗಿದುಕೊಂಡಳಲ್ಲ! ಆದರೆ ಡಾಕ್ಟರಮ್ಮನ ಮುಖ ಅರಳಿತು.

"ದಿನಾನೂ? ಒಂದು ದಿನಾನೂ ತಪ್ಪಿಸದೆ?"

"ಒಂದು ದಿನಾನೂ ಇಲ್ಲ ಕಣಮ್ಮ."

"ಒಳ್ಳೇದಾಯ್ತು. ಎಣ್ಣೆ ತಿಕ್ಕೋಕೂ ಬರ್ತೀಯಾ?"

"ಇಲ್ಲ. ವಾರ್ಡಲ್ಲಿ ಎಣ್ಣೆ ಮುಟ್ಟಬಾರ್ದು ಅಂತ ನೀವೇ ಅಂದಿದ್ರಲ್ಲ. ಮನೇಲೂ ಪೊಲೋಮ ಬಂದ ಮೇಲೆ ತಿಕ್ಕೋದೆಲ್ಲ ಅವ್ನೇ. ಎಣ್ಣೆ ಮಾತ್ರ ನನ್ನದು, ಸೀಸೆ ಕೊಟ್ಟಿದ್ದೆ."

ವಾರ್ಡಿನಲ್ಲಿ ಒಡೆಯರು ದಿಂಬಿಗೆ ಒರಗಿ, ಮನೆಯಿಂದ ಬಂದ ಟಾರೋ ಗೆಡ್ಡೆ ತಿನ್ನುತ್ತಿದ್ದರು. ಆ ಊರಿನ ಆಸ್ಪತ್ರೆಯಲ್ಲಿ ರೋಗಿಗೆ ಊಟ ಯಾವಾಗಲೂ ಮನೆಯಿಂದಲೇ ಬರುವುದು. ಅವರ ಮುಖಕ್ಕೆ ಬಣ್ಣ ಬಂದಿತ್ತು.

"ಹೆಂಗಿದೀರಾ ಒಡೆಯರೇ?"

"ಹೊಟ್ಟೆ ಚೆನ್ನಾಗಿದೆ ತಾಯಿ. ಹಾಳು ಮೊಣಕಾಲೇ ಮತ್ತೆ ಹಿಡ್ಕೊಂಡಿದೆ. ಮನೇಲಿದ್ದಾಗ ಹೂವಿನ ಹಂಗಿತ್ತು. ಪಂಚಾಯ್ತೀಲಿ ಹಗಲೆಲ್ಲ ಚಕ್ಕಂಬಟ್ಲ ಹಾಕ್ಕೊಂಡು ಕೂತಿದ್ದೆ. ಅಲಿತಾಸಿ ಎಣ್ಣೆಗೆ ಈಚೆಗೆ ಏನೋ ಬಲ ಬಂದಿತ್ತು, ಹಚ್ಚಿದ್ರೆ ಚುರುಚುರು ಅನ್ನೋದು."

"ಪೇಟೆ ಎಣ್ಣೆ ಏನಾದ್ರೂ ಹಚ್ಚಿದ್ರಾ?"

"ಛೆ! ಹೊಟ್ಟೆ ನಿಮ್ಗೆ ಒಪ್ಪಿಸಿದೀನಿ, ಆದ್ರೆ ಕಾಲು ನಮ್ಮೂರಿಂದು. ಹೊರಗಿನ ಎಣ್ಣೆ ನನ್ನ ಕಾಲಿಗೆ ಸೋಕಬಾರ್ದು ಅಂತ ಮಗನಿಗೂ ಹೇಳಿದೀನಿ."

ಹೊರಗೆ ಬಂದ ಮೇಲೆ ಡಾಕ್ಟರಮ್ಮ ಇಸಾಯಾಗೆ ಮೆಲ್ಲಗೆ ಹೇಳಿದರು: "ಅವ್ರು ಬಂದಾಗ ಹೊಟ್ಟೆಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡಿದೆ. ಹಳೇ ಹುಣ್ಣು ಪೂರ್ತಿ ಮಾಗಿದೆ. ಆದ್ರೂ ಒಳಗೆ ಅಲ್ಲಲ್ಲಿ ಬೆವರಿನ ಹಂಗೆ ರಕ್ತ ಒಸರ್ತಿತ್ತು. ಕರ್ಕೊಂಡು ಬಂದ ದಿನ ಸೂಜಿ ಚುಚ್ಚಿದ ಕಡೆಯಿಂದಾನೂ ರಕ್ತ ನಿಲ್ಲಲಿಲ್ಲ, ನೆನಪಿದೆಯಾ?"

ಇಸಾಯಾಗೆ ನೆನಪಿತ್ತು. ಆ ಹತ್ತಿಯನ್ನು ಒತ್ತಿ ಹಿಡಿದವನೇ ಅವನು.

ಊರ ರೂಢಿಯಂತೆ ಗೋಡೆಯಿಲ್ಲದೆ ಕಂಬಗಳ ಮೇಲೆ ನಿಂತ ಒಡೆಯರ ದೊಡ್ಡ ಮನೆಯಲ್ಲಿ ಪೊಲೋಮ ಚಾಪೆ ಹಾಸಿ ಕೂರಿಸಿದ. ಆಳು ಭಾರಿ, ಕೈ ಮೊರದಷ್ಟಗಲ. ಆಕ್ಲೆಂಡಿನ ಒಂದು ರಗ್ಬಿ ತಂಡದಲ್ಲಿ ಆಟಗಾರರ ಕೈಕಾಲು ತಿಕ್ಕಿ ಹದ ಮಾಡುವ ಕೆಲಸ ಅವನದು.

"ಅಪ್ಪನಿಗೆ ಬೇರೆ ಯಾವ ಔಷಧಿ ಕೊಟ್ಟಿದೀಯಪ್ಪ?"

"ದೇವರಾಣೆ ಒಂದೂ ಇಲ್ಲ ಡಾಕ್ಟ್ರೇ. ಗುಳಿಗೆ, ಟಾನಿಕ್ಕು, ಯಾವ್ದೂ ಇಲ್ಲ. ಎಲ್ಲಾ ಆ ಮುದುಕಿ ಕೆಲ್ಸ. ನಮ್ಮಪ್ಪ ಸತ್ತೋಗಿದ್ರೆ ಏನ್ ಗತಿ?" ಅವನು ಮುಂಗೈಯಿಂದ ಕಣ್ಣೊರೆಸಿಕೊಂಡ. ಇವನ ಕಣ್ಣಲ್ಲಿ ಸುಳ್ಳಿಲ್ಲ ಎನ್ನಿಸಿತು ಇಸಾಯಾಗೆ.

ಕಂಬಕ್ಕೆ ಅಲಿತಾಸಿ ಕೊಟ್ಟಿದ್ದ ಎಣ್ಣೆ ಸೀಸೆ ತೂಗುಹಾಕಿದ್ದರು. ಡಾಕ್ಟರಮ್ಮ ಬಿರಡೆ ತೆಗೆದರೆ ಮೊಸೋಯಿ ಹೂವಿನ ವಾಸನೆ ಮೂಗಿಗೆ ಬಡಿಯಿತು. ಸೀಸೆಯ ಕತ್ತಿನವರೆಗೂ ಹೂ ತುರುಕಿದ್ದರು.

"ಇಸಾಯಾ, ಕೈ ಕೊಡು." ಒಂದಿಷ್ಟು ಅವನ ಮಣಿಕಟ್ಟಿಗೆ ತಿಕ್ಕಿದರು. ದಾರಿಯಲ್ಲಿ ಅಲಿತಾಸಿಯ ಮನೆಯ ಮುಂದೆ ವ್ಯಾನು ನಿಲ್ಲಿಸಲು ಹೇಳಿ, ಅವಳ ಸ್ವಂತ ಸೀಸೆಯಿಂದ ಇನ್ನೊಂದು ಕೈಗೂ ತಿಕ್ಕಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಾಯಾನ ಒಂದು ಕೈ ಮೊದಲು ತಣ್ಣಗಾಗಿ ಆಮೇಲೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುತ್ತಿತ್ತು. ಇನ್ನೊಂದು ಕೈ ಬರೀ ಜಿಡ್ಡಾಗಿತ್ತು.

"ಡಾಕ್ಟ್ರಮ್ಮ, ಇದೇನು, ನಾನೇನು ನಿಮ್ಮ ಪ್ರಯೋಗದ ಇಲಿಮರೀನಾ?"

"ಇಲಿಮರಿ ಇಷ್ಟು ಗೊಣಗಲ್ಲ," ಎಂದು ನಕ್ಕರು ಅವರು.

ಸಂಜೆ ಪಂಚಾಯಿತಿ ಮನೆಯಲ್ಲಿ ಹಿರಿಯರೆಲ್ಲ ತಮ್ಮ ತಮ್ಮ ಮನೆತನಕ್ಕೆ ಮೀಸಲಾದ ಕಂಬಕ್ಕೆ ಒರಗಿ ಕೂತರು. ಡಾಕ್ಟರಮ್ಮನ ಅಪ್ಪಣೆಯ ಮೇಲೆ ಇಸಾಯಾ ಲೆವಾಸಾ ಒಡೆಯರನ್ನೂ ಕರೆತಂದಿದ್ದ. ಅಲಿತಾಸಿ ಅಂಚಿನಲ್ಲಿ ಮುದುರಿಕೊಂಡಿದ್ದಳು. ಅವಳ ಹಿಂದೆ ಸೊಸೆಯಂದಿರು ಮಕ್ಕಳನ್ನು ಅವುಚಿಕೊಂಡು ಕೂತಿದ್ದರು.

"ವಿಷ ಹಾಕಿದವಳನ್ನ ಊರಲ್ಲಿಟ್ಕೊಂಡ್ರೆ ನಾಳೆ ಯಾರ ಸರದಿ?" ಎಂದ ಪೊಲೋಮ.

"ನಾನು ಎರಡು ಮಾತು ಹೇಳ್ತೀನಿ," ಎಂದರು ಡಾಕ್ಟರಮ್ಮ. "ಒಡೆಯರಿಗೆ ಮನೇಲಿ ರಕ್ತ ಹೋಯ್ತು, ಆಸ್ಪತ್ರೇಲಿ ನಿಂತೋಯ್ತು. ಹಾಗಾದ್ರೆ ಮನೇಲಿದ್ದು ಆಸ್ಪತ್ರೆಗೆ ಬರದೇ ಇದ್ದದ್ದು ಯಾವುದು? ಊಟ ಮನೆಯಿಂದಾನೇ ಬಂತು. ನೀರೂ ಬಂತು. ರಕ್ತ ತೆಳು ಮಾಡೋ ಗುಳಿಗೇನ ಅಲ್ಲೂ ಮತ್ತೆ ಶುರು ಮಾಡಿದ್ವಿ. ಅಲಿತಾಸಿಯ ರಸಾನೂ ದಿನಾ ಬಂತು."

ಹಿರಿಯರಲ್ಲಿ ಗುಜುಗುಜು ಎದ್ದಿತು. ಒಡೆಯರು ಕೆಮ್ಮಿದರು: "ನಾನೇ ತರಿಸ್ಕೊಂಡೆ."

"ರಸ ಕುಡೀತಿದ್ರೂ ರಕ್ತ ನಿಂತಿದೆ ಅಂದ್ಮೇಲೆ ತಪ್ಪು ರಸದ್ದಲ್ಲ. ಬರದೇ ಇದ್ದದ್ದು ಒಂದೇ, ತಿಕ್ಕೋ ಎಣ್ಣೆ. ತಪ್ಪು ಎಣ್ಣೇದೇ ಅನ್ನೋಕೆ ಇನ್ನೊಂದು ಸಾಕ್ಷಿ ಮೊಣಕಾಲು. ಮನೇಲಿ ನೋವಿರ್ಲಿಲ್ಲ, ಆಸ್ಪತ್ರೇಲಿ ಮತ್ತೆ ಬಂತು. ಅಂದ್ರೆ ಮನೇಲಿ ಯಾವುದೋ ನೋವಿನ ಮದ್ದು ಮೈಗೆ ಸೇರ್ತಿತ್ತು, ಬಾಯಿಂದ ಅಲ್ಲ, ಚರ್ಮದಿಂದ. ಚರ್ಮಾನೂ ಕುಡಿಯುತ್ತೆ. ನಮಗೆ ನಿಮಗೆ ಅದರಿಂದ ಏನೂ ಆಗಲ್ಲ. ರಕ್ತ ತೆಳು ಮಾಡೋ ಗುಳಿಗೆ ನುಂಗೋರಿಗೆ ಮಾತ್ರ ಅದು ಆ ಗುಳಿಗೆ ಜೊತೆ ಸೇರ್ಕೊಂಡು ರಕ್ತಾನ ನೀರು ಮಾಡ್ಬಿಡುತ್ತೆ. ಅದಕ್ಕೇ ಹುಣ್ಣು ಮಾಗಿದ್ರೂ ಒಳಗೆ ಒಸರಿದ್ದು, ಸೂಜಿ ಚುಚ್ಚಿದ ಕಡೆ ನಿಲ್ಲದೇ ಇದ್ದದ್ದು."

"ಎಣ್ಣೆ ಮಾಡಿದವಳು ಇವಳೇ ಅಲ್ವಾ?" ಎಂದ ಒಬ್ಬ ಹಿರಿಯ.

"ಅವಳ ಮನೆ ಎಣ್ಣೆ ಹಚ್ಚಿದ ಕೈ ಉರೀಲಿಲ್ಲ. ಒಡೆಯರ ಮನೇದು ಹಚ್ಚಿದ ಕೈ ಇನ್ನೂ ಕೆಂಪಗಿದೆ. ತೋರಿಸು ಇಸಾಯಾ. ಒಡೆಯರ ಸೀಸೆಗೆ ಯಾರೋ ನೋವಿಗೆ ಹಚ್ಚೋ ಪೇಟೆಯ ಘಾಟಿನ ಎಣ್ಣೆ ಬೆರೆಸಿ, ಆ ವಾಸನೆ ಬರದ ಹಾಗೆ ಹೂ ತುರುಕಿದಾರೆ." ಅವರು ಪೊಲೋಮನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ರಗ್ಬಿ ಹುಡುಗರ ಕಾಲಿಗೆ ಏನು ಹಚ್ಚಿ ತಿಕ್ತೀಯಪ್ಪ?"

ಪೊಲೋಮ ತನ್ನ ಅಗಲವಾದ ಅಂಗೈ ನೋಡಿಕೊಂಡ.

"ಅದು ಔಷಧಿ ಅಂತ ನಂಗೆ ಅನ್ನಿಸ್ಲೇ ಇಲ್ಲ," ಎಂದ. "ನುಂಗಿದ್ರೆ ತಾನೇ ಔಷಧಿ? ಅಪ್ಪ ಕಾಲು ಹಿಡ್ಕೊಂಡು ಒದ್ದಾಡೋದು ನೋಡೋಕಾಗ್ಲಿಲ್ಲ. ಹೊರಗಿನ ಎಣ್ಣೆ ಅಂದ್ರೆ ಮುಟ್ಟಿಸ್ಕೊಳ್ಳಲ್ಲ. ಅದಕ್ಕೇ ಕದ್ದು ಬೆರೆಸ್ದೆ. ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ನಾನೇ... ಈ ಕೈಯಿಂದಾನೇ..."

ಅವನು ಬಿಕ್ಕಿ ಬಿಕ್ಕಿ ಅತ್ತ. ಲೆವಾಸಾ ಒಡೆಯರು ಮಗನ ಕತ್ತಿನ ಮೇಲೆ ಕೈಯಿಟ್ಟರು. ಅಲಿತಾಸಿಯ ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಡಿಲ ಮಗುವೊಂದು ಏನೂ ತಿಳಿಯದೆ ನಕ್ಕಿತು.

ಮರುದಿನ ಇಸಾಯಾ ವ್ಯಾನು ಓಡಿಸಿಕೊಂಡು ಬರುವಾಗ ಅಲಿತಾಸಿಯ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಒಡೆಯರ ಮನೆತನದ ಹಳೆಯ, ನವಿರು ನೇಯ್ಗೆಯ ಚಾಪೆಯನ್ನು ತಲೆಯ ಮೇಲೆ ಹೊದ್ದು ಅಪ್ಪ ಮಗ ಇಬ್ಬರೂ ನೆಲಕ್ಕೆ ಬಗ್ಗಿ ಕೂತಿದ್ದರು. ತಪ್ಪು ಮಾಡಿದ ಮನೆಯವರು ಹಾಗೇ ಕೂರಬೇಕು. ನೊಂದವರು ಬಂದು ಚಾಪೆ ಸರಿಸುವವರೆಗೂ ಏಳುವಂತಿಲ್ಲ. ಬೇಡ, ಇನ್ನೂ ನಿಶ್ಶಕ್ತಿ ಇದೆ ಎಂದು ಡಾಕ್ಟರಮ್ಮ ಹೇಳಿದ್ದರೂ ಒಡೆಯರು ಕೇಳಿರಲಿಲ್ಲ.

ಇಸಾಯಾ ವ್ಯಾನು ನಿಲ್ಲಿಸಿದ. ಅಲಿತಾಸಿ ಒಳಗೇ ಇದ್ದಳು. ಬಿಸಿಲು ಏರುತ್ತಿತ್ತು.

ಕೊನೆಗೆ ಅವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಇಳಿದು ಬಂದಳು. ಚಾಪೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎರಡೂ ಕೈಯಿಂದ ಅದನ್ನು ಮೇಲೆತ್ತಿದಳು.

"ಏಳಿ ಒಡೆಯರೇ. ಏಳೋ ದಡಿಯ. ಹಿಂಗೆ ಅಂಗಳದಲ್ಲಿ ಮುಸುಕು ಹಾಕ್ಕೊಂಡು ಕೂತ್ರೆ, ದಾರೀಲಿ ಹೋಗೋರು ಇವಳ ಮನೇಲಿ ಯಾರೋ ಸತ್ರು ಅನ್ಕೊಳ್ಳಲ್ವಾ?"

ಮೊದಲು ನಕ್ಕವರು ಒಡೆಯರು. ಪೊಲೋಮ ಅವಳ ಮೊಣಕಾಲಿಗೆ ಹಣೆ ಹಚ್ಚಿದ. ಅವಳು ಅವನ ಬೆನ್ನಿಗೆ ಫಟ್ಟೆಂದು ಒಂದು ಬಾರಿಸಿ, ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು.