ಹದಿನೇಳನೆಯ ಕೊಕ್ಕರೆ

"ನಾಗರಾಜಣ್ಣ, ಚಿಕ್ಕಸ್ವಾಮಣ್ಣನ್ನ ಬೇಗ ಕರೀರಿ. ನನ್ ಕೊಕ್ಕರೆ ಕಳುವಾಗಿದೆ!"

ಆಟೊ ತೊಳೆಯುತ್ತಿದ್ದ ನಾಗರಾಜು ಬಟ್ಟೆ ಹಿಡಿದುಕೊಂಡೇ ಎದ್ದು ನಿಂತ. ಬಂದವಳು ಗಂಜಾಂನ ಕಲಾವಿದೆ ಮೇಘನ. ಸಂತೆಬಾಚಹಳ್ಳಿ ಹತ್ತಿರದ ಈ ಊರಿಗೆ ಬಂದು ಅವಳಿಗೆ ತಿಂಗಳಾಗಿತ್ತು. ಮಳೆ ಹೊತ್ತು ತಪ್ಪಿ ಕೆರೆ ಬತ್ತಿದ ಮೇಲೆ ಕೊಕ್ಕರೆಗಳು ಇತ್ತ ಸುಳಿಯುತ್ತಿರಲಿಲ್ಲ. ಅದಕ್ಕೇ ಅವಳು ಆ ಕೆರೆಯ ತಳದ ಗೋಡುಮಣ್ಣಿನಿಂದಲೇ ಇಪ್ಪತ್ತು ಕೊಕ್ಕರೆ ಮಾಡಿ ಕೆರೆಯಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಸುಡದ ಮಣ್ಣು, ಬಿಸಿಲಿಗೆ ಬಿರಿಯಬೇಕು, ಮಳೆಗೆ ಕರಗಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಕೂಡದು, ಹನಿ ನೀರೂ ಹಾಕಕೂಡದು ಎಂದು ಊರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು. ಮಾರನೆಯ ದಿನವೇ ನಾಗಮಂಗಲ, ಪಾಂಡವಪುರ ಕಡೆಯಿಂದ ಜನ ನೋಡಲು ಬರುವವರಿದ್ದರು.

ಚಿಕ್ಕಸ್ವಾಮಿ ಆ ಕೆರೆಯಿಂದ ಗದ್ದೆಗಳಿಗೆ ನೀರು ಹಂಚುತ್ತಿದ್ದ ಹಳೆಯ ನೀರುಗಂಟಿ. ರಾತ್ರಿ ಯಾರು ತೂಬು ಎತ್ತಿ ಯಾರ ಗದ್ದೆಗೆ ನೀರು ತಿರುಗಿಸಿದರೆಂದು ಬೆಳಗ್ಗೆ ಕೆಸರು ನೋಡಿ ಹೇಳುತ್ತಿದ್ದವರು. ಕೆರೆ ಬತ್ತಿ ಆ ಕೆಲಸ ಹೋಯಿತು. ಊರಿನ ಪತ್ತೇದಾರಿಕೆ ಮಾತ್ರ ಉಳಿದುಕೊಂಡಿತು. ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಹೋಗುವುದೆಂದರೆ ನಾಗರಾಜುವಿಗೆ ಎಲ್ಲಿಲ್ಲದ ಹೆಮ್ಮೆ.

"ಇದು ಶಿವಲಿಂಗಯ್ಯನ ಕೆಲ್ಸವೇ ಕಣಣ್ಣ," ಎಂದ ನಾಗರಾಜು, ದಾರಿಯಲ್ಲೇ. "ಹೊಲಕ್ಕೆ ಟ್ರಾಕ್ಟರಲ್ಲಿ ಗೋಡು ಹೊಡಿಯಾಕೆ ಈ ಕೊಕ್ಕರೆಗಳು ಅಡ್ಡ ಅಂತ ಮೊನ್ನೆ ಕೂಗಾಡ್ತಿದ್ದ."

"ಅವನ ಟ್ರಾಕ್ಟರು ಗಾಳೀಲಿ ಬಂದ್ಬುಡ್ತದೇನ್ಲಾ? ಚಕ್ರದ ಗುರುತೆಲ್ಲಿ?" ಕೆರೆಯಂಗಳಕ್ಕೆ ಇಳಿದ ಮೇಲೆ ಚಿಕ್ಕಸ್ವಾಮಿ ನೆಲ ತೋರಿಸಿ ಕೇಳಿದರು.

ಸಾಲಿನಲ್ಲಿ ಹದಿನೇಳನೆಯ ಕೊಕ್ಕರೆ ಇದ್ದ ಜಾಗದಲ್ಲಿ ಒದ್ದೆ ವೃತ್ತವೊಂದು ಉಳಿದಿತ್ತು. ಬರಿಗಾಲಿನ ಹೆಜ್ಜೆಗಳು ಬಂದಿದ್ದವು, ಹೋಗಿದ್ದವು. ಹೋದವು ಆಳವಾಗಿದ್ದರೂ ನೆಟ್ಟಗಿದ್ದವು, ಎಲ್ಲೂ ತೂರಾಡಿರಲಿಲ್ಲ. ಪಕ್ಕದಲ್ಲಿ ಚೂರು ಸಗಣಿ ಉದುರಿತ್ತು. ಚಿಕ್ಕಸ್ವಾಮಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಮೇಘನಳ ಫೋನಿನಲ್ಲಿದ್ದ ನಿನ್ನೆಯ ಫೋಟೊ ಕೇಳಿದರು.

"ರೆಕ್ಕೆ ಕೆಳಗೆ ಕೆಂಪಗೆ ಚೂಪಾಗಿ ಕಾಣ್ತದಲ್ಲ, ಏನವ್ವ ಇದು?"

"ಬೇರಿನ ಚೂರಿರಬೇಕು ಅನ್ಕೊಂಡೆ. ಆ ಜಾಗದ್ದು ಒಡೆದುಹೋಗಿ ಕೊನೇಲಿ ಮತ್ತೆ ಮಾಡಿದ್ದು ಅದೇ, ಇನ್ನೂ ಹಸಿಯಾಗಿತ್ತು."

ಅಲ್ಲಿಂದ ಅವರು ನಲ್ಲಿಯ ಹತ್ತಿರ ಹೋದರು. ನಿನ್ನೆ ಸಂಜೆ ಹೆಚ್ಚು ನೀರು ಹಿಡಿದವರು ಯಾರೆಂದು ಕೇಳಿದ್ದಕ್ಕೆ ಹೆಂಗಸರು ನಕ್ಕರು. "ದ್ಯಾವಮ್ಮ. ಎಮ್ಮೆ ಮೈತೊಳೀಬೇಕು ಅಂತ ಎಂಟು ಬಿಂದಿಗೆ ಹೊತ್ಕೊಂಡೋದ್ಲು!"

ದ್ಯಾವಮ್ಮ ಮೇಘನಳಿಗೆ ದಿನವೂ ಮುದ್ದೆ, ಸಾರು ತಂದುಕೊಡುತ್ತಿದ್ದ ಮುದುಕಿ. ಹಿಂದಿರುಗುವಾಗ ಅವಳ ಎಮ್ಮೆ ಎದುರಾಗಿ ಬಾಲ ಬೀಸಿತು. ನಾಗರಾಜುವಿನ ತೊಳೆದ ಆಟೊ ಮೇಲೆ ಒಣಕೆಸರಿನ ಪುಡಿ ಉದುರಿತು. ಅವನು ಎಮ್ಮೆಯನ್ನು ಬೈದ. ಚಿಕ್ಕಸ್ವಾಮಿ ಅದರ ಬೆನ್ನು ತಟ್ಟಿದರು.

ಸಂಜೆ ಕೆರೆಯೇರಿಯ ಮೇಲೆ ಊರವರು ಸೇರಿದರು. ನಾಗರಾಜು ತನ್ನನ್ನು ಕಳ್ಳ ಎಂದದ್ದು ಕಿವಿಗೆ ಬಿದ್ದು ಶಿವಲಿಂಗಯ್ಯ ಮುಖ ಗಂಟಿಕ್ಕಿಕೊಂಡಿದ್ದ. ಪ್ರದರ್ಶನವನ್ನೇ ಬಿಟ್ಟು ಊರಿಗೆ ಹೋಗುತ್ತೇನೆಂದು ಮೇಘನ ಚೀಲ ಕಟ್ಟಿದ್ದಳು.

"ಕೈಲಿ ಎತ್ಕೊಂಡೋದೋರು ತೂರಾಡ್ತಾರೆ," ಚಿಕ್ಕಸ್ವಾಮಿ ಶುರು ಮಾಡಿದರು. "ಇಲ್ಲಿ ಹೆಜ್ಜೆ ನೆಟ್ಟಗಿದೆ. ಅಂದ್ರೆ ಭಾರ ಇದ್ದದ್ದು ತಲೆ ಮ್ಯಾಲೆ. ಸಗಣಿ ಮಂಕರಿ ಹೊತ್ತು ರೂಢಿ ಇರೋ ತಲೆ. ಉದುರಿದ್ದ ಸಗಣಿನೂ ಅದನ್ನೇ ಹೇಳ್ತು. ಇನ್ನು ಫೋಟೊದಲ್ಲಿದ್ದ ಕೆಂಪು ಚೂಪು ಬೇರಲ್ಲ, ಮೊಳಕೆ. ಮೊಳಕೆ ಕಂಡೋರಿಗೆ ನೀರು ಬೇಕಾಯ್ತದೆ. ಎಂಟು ಬಿಂದಿಗೆ ನೀರೇನೋ ಹೋಯ್ತು. ಎಮ್ಮೆ ಮೈಯಲ್ಲಿ ಮಾತ್ರ ಕೆಸರು ಅಂಗೇ ಅದೆ. ನೀರೆಲ್ಲೋಯ್ತು, ದ್ಯಾವಮ್ಮ?"

ದ್ಯಾವಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅದು ನೈದಿಲೆ ಕಣ್ ಮಗ, ಗೆಡ್ಡೆ ಮಣ್ಣಲ್ಲೇ ಉಳ್ಕೊಂಡಿತ್ತು," ಎಂದಳು ಮೇಘನಳಿಗೆ. "ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಕೆರೆ ತುಂಬ ಅದೇ ಇತ್ತು. ಕೇಳಿದ್ರೆ ನೀನು ಹನಿ ನೀರೂ ಬ್ಯಾಡ ಅಂತಿದ್ದೆ. ಕಣ್ಮುಂದೆ ಒಣಗೋದ್ನ ನೋಡ್ಕೊಂಡು ಎಂಗಿರನವ್ವ?"

ಎಲ್ಲರೂ ಅವಳ ಹಿತ್ತಿಲಿಗೆ ನುಗ್ಗಿದರು. ಎಮ್ಮೆಯ ಕಲ್ಲುತೊಟ್ಟಿಯಲ್ಲಿ ಕೊಕ್ಕರೆ ಕರಗಿ ಕೊಕ್ಕಷ್ಟೇ ಮೇಲಿತ್ತು. ಅದರ ಪಕ್ಕ ಕೆಂಪು ಎಲೆಯೊಂದು ನೀರಿನ ಮೇಲೆ ಸುರುಳಿ ಬಿಚ್ಚುತ್ತಿತ್ತು.

ಮೇಘನ ಬಹಳ ಹೊತ್ತು ಬಗ್ಗಿ ನೋಡಿದಳು. ಕೋಪಿಸಿಕೊಳ್ಳುತ್ತಾಳೆಂದು ನಾಗರಾಜು ಅಂದುಕೊಂಡಿದ್ದರೆ ಅವಳು ನಗತೊಡಗಿದಳು. "ಕೆರೆ ಸತ್ತಿದೆ ಅಂತ ತೋರ್ಸೋಕೆ ಬಂದೆ ನಾನು. ಈ ಅಜ್ಜಿ ನನ್ನನ್ನೇ ಸುಳ್ಳುಗಾರ್ತಿ ಮಾಡಿದ್ರಲ್ಲ! ನಾಳೆ ಈ ತೊಟ್ಟಿ ಕೊಕ್ಕರೆ ಸಾಲಲ್ಲೇ ಇರಲಿ. ನೀರು ಹಾಕೋ ಕೆಲಸ ನಿಮ್ಮದೇ, ಅಜ್ಜಿ."

ಆ ಕಲ್ಲುತೊಟ್ಟಿ ಎತ್ತಲು ಟ್ರಾಕ್ಟರೇ ಬೇಕಿತ್ತು. ಎಲ್ಲರೂ ಶಿವಲಿಂಗಯ್ಯನತ್ತ ತಿರುಗಿದರು.

"ಕಳ್ಳ ಅಂದೋನು ಮೊದ್ಲು ತಪ್ಪಾಯ್ತು ಅನ್ಲಿ," ಎಂದ ಅವನು, ನಾಗರಾಜುವನ್ನೇ ನೋಡುತ್ತ.

"ತಪ್ಪಾಯ್ತು ಬುಡಣ್ಣ," ಎಂದು ನಾಗರಾಜು ಕೈಮುಗಿದ.

ಮಾರನೆಯ ದಿನ ಬಂದ ಜನ ತೊಟ್ಟಿಯ ಸುತ್ತ ಮುತ್ತಿಕೊಂಡಿದ್ದರು. ಶಿವಲಿಂಗಯ್ಯ ಮಾತ್ರ ಕೆರೆಯ ಆಚೆ ದಡದಲ್ಲಿ, ಹೊಲಕ್ಕೆ ಹೊಡೆಯಲು ರಾಶಿ ಹಾಕಿದ್ದ ಗೋಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಂಟೆ ಹೆಂಟೆಯನ್ನೂ ಕೈಯಲ್ಲಿ ಪುಡಿ ಮಾಡುತ್ತಿದ್ದ. ಊಟದ ಹೊತ್ತಿಗೆ ಅಲ್ಲಿಂದ ಅವನ ಕೂಗು ಕೇಳಿಸಿತು:

"ದ್ಯಾವಮ್ಮೋ, ನೀರು ತತ್ತಾ! ಇನ್ನೊಂದು ಗೆಡ್ಡೆ ಸಿಕ್ತು!"