ಪುಟ ನೂರ ಹನ್ನೆರಡು

“ಆ ಪುಟವನ್ನು ನೀವೇ ಕಣ್ಣಾರೆ ನೋಡಿದ್ದೀರಾ?” ಎಂದು ಅವನು ಕೇಳಿದ್ದ.

“ಹೌದು” ಎಂದು ಅವಳು ಟೈಪ್ ಮಾಡಿದ್ದಳು. ಎರಡೇ ಅಕ್ಷರ. ಅವತ್ತಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶವೊಂದಕ್ಕೆ ಇಬ್ಬರೂ ಬಿಟ್ಟಿ ದುಡಿಯುವವರು. ಅಲ್ಲಿ ಅವಳ ಹೆಸರು ‘ಇರುವೆ’, ಅವನದು ‘ನಿಧಾನಿ’. ಬರೆದದ್ದಕ್ಕೆ ಆಧಾರ ಸರಿಯಿಲ್ಲವೆಂದು ಸಂಪಾದಕರು ಕಿತ್ತಾಡಿದಾಗ ನಡುವೆ ಕೂತು ಬಗೆಹರಿಸುವುದು ಅವನ ಪಾಲಿನ ಕೆಲಸ. ಎಂಟು ತಿಂಗಳಿಂದ ಚರ್ಚಾಪುಟದಲ್ಲೇ ಮಾತು, ಮುಖ ಕಂಡದ್ದಿಲ್ಲ. ಆದರೂ ಔಷಧಿ ಅಂಗಡಿಯ ಕೌಂಟರಿನ ಹಿಂದೆ, ಗಿರಾಕಿ ಇಲ್ಲದಾಗ, ಅವನು ಯಾವತ್ತೋ ಬರೆದಿದ್ದ “ನಿಧಾನ, ಇರುವೆಯವರೇ, ಸಕ್ಕರೆ ಎಲ್ಲಿಗೂ ಓಡಿಹೋಗಲ್ಲ” ಎಂಬ ಸಾಲನ್ನು ಅವಳು ಅದೆಷ್ಟು ಸಲ ಓದಿದ್ದಳೋ.

ಈಗಿನ ಜಗಳ ಹಳೆಯ ನೀರೆತ್ತುವ ಸ್ಥಾವರದ ಲೇಖನದ್ದು. ಪ್ರವಾಹದ ದಿನ ಮುಖ್ಯ ಗೇಟನ್ನು ಒಬ್ಬನೇ ಮುಚ್ಚಿ ಕೆಳಗಿನ ಬೀದಿಗಳನ್ನು ಉಳಿಸಿದ ಮೆಕ್ಯಾನಿಕ್ಕಿನ ವಿಷಯವನ್ನು ಅವಳು ಹೆಸರು ಸಮೇತ ಬರೆದಿದ್ದಳು. ಆಧಾರ: ಜಲ ಇಲಾಖೆಯ ಆ ವರ್ಷದ ವರದಿ, ಪುಟ ನೂರ ಹನ್ನೆರಡು. ಆ ಮೆಕ್ಯಾನಿಕ್ ಅವಳ ಅಜ್ಜ. ಪುಟದ ಸಂಖ್ಯೆಯನ್ನೂ ಅವರೇ ಬದುಕಿದ್ದಾಗ ಹೇಳಿದ್ದರು. ಡಾಕ್ಟರ ಚೀಟಿಯನ್ನು ಎರಡೆರಡು ಸಲ ನೋಡದೆ ಒಂದು ಮಾತ್ರೆಯನ್ನೂ ಕೊಡದವಳು, ಪುಟವನ್ನೇ ನೋಡದೆ ವಾಕ್ಯ ಕೊಟ್ಟುಬಿಟ್ಟಿದ್ದಳು.

‘ಸಿಡಿಲು’ ಎಂಬ ಸಂಪಾದಕ ಆ ಆಧಾರವನ್ನೇ ಹಿಡಿದುಕೊಂಡ; ಅವಳ ‘ಹೌದು’ ಅವನಿಗೆ ಸಾಲಲಿಲ್ಲ. “ಸಾಬೀತು ಮಾಡಿ, ಇಲ್ಲ ಸಾಲು ತೆಗೀರಿ.” ವರದಿಯ ಒಂದೇ ಒಂದು ಪ್ರತಿ ಊರಿನ ದಾಖಲೆ ಕೋಣೆಯಲ್ಲಿತ್ತು. ತಾನೂ ನಿಧಾನಿಯೂ ಅದೇ ಊರಿನವರೆಂದು ಅವಳಿಗೆ ಗೊತ್ತಾದದ್ದು ಆಗಲೇ. ಶನಿವಾರ ಹನ್ನೊಂದಕ್ಕೆ ಒಟ್ಟಿಗೆ ನೋಡೋಣ ಎಂದು ನಿಧಾನಿ ಬರೆದ.

“ಯಾಕೇ ಮುಖ ಬಿಳಿಚಿಕೊಂಡಿದೆ?” ಹೊರಡುವಾಗ ಅಮ್ಮ ಕೇಳಿದಳು. “ಪುಸ್ತಕ ನೋಡೋಕೆ ತಾನೇ ಹೋಗ್ತಿರೋದು? ಹಲ್ಲು ಕೀಳಿಸೋಕೆ ಹೊರಟ ಹಾಗಿದ್ದೀಯ.”

ಅಜ್ಜನ ಹೆಸರಿದ್ದ ಆ ವಾಕ್ಯವನ್ನು ಮನೆಗೆ ಬಂದವರಿಗೆಲ್ಲ ಫೋನಿನಲ್ಲಿ ತೋರಿಸುತ್ತಿದ್ದವಳು ಅಮ್ಮ.

ದಾಖಲೆ ಕೋಣೆಯ ಮೆಟ್ಟಿಲ ಮೇಲೆ ಅವನು ಮೊದಲೇ ಬಂದು ನಿಂತಿದ್ದ. ಲಿಫ್ಟ್ ರಿಪೇರಿ ಕಂಪನಿಯ ಅಂಗಿ, ತೋಳಿಗೆ ಗ್ರೀಸ್, ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲೆ.

“ಇರುವೆ ಅಂದ್ರೆ ಸಣ್ಣಕ್ಕಿರ್ತೀರ ಅಂದ್ಕೊಂಡಿದ್ದೆ.”

“ನಿಧಾನಿ ಅಂದ್ರೆ ತಡವಾಗಿ ಬರ್ತೀರ ಅಂದ್ಕೊಂಡಿದ್ದೆ.”

ಅವನು ನಕ್ಕ. ಹುಬ್ಬು ಇನ್ನಷ್ಟು ಮೇಲೇರಿತು. ಈ ನಗು ಇನ್ನು ಹತ್ತೇ ನಿಮಿಷ ಎಂದುಕೊಂಡಳು. ಪುಟದಲ್ಲಿ ಏನೂ ಇಲ್ಲದಿದ್ದರೆ ಅಜ್ಜನ ಹೆಸರು ಹೋಗುತ್ತದೆ. ಅದನ್ನು ಹೇಗೋ ತಡೆದುಕೊಂಡಾಳು. ಆದರೆ ಸುಳ್ಳು ಹೇಳಿದವಳನ್ನು ಇವನು ಮತ್ತೆ ನಂಬುವುದುಂಟೇ?

ಚೀಲ ಹೊರಗಿಡಬೇಕು, ಒಳಗೆ ಪೆನ್ಸಿಲ್ ಮಾತ್ರ. ದಾಖಲೆ ಕಾಯುವ ಹೆಂಗಸು ದಪ್ಪ ವರದಿಯನ್ನು ಮೇಜಿನ ಮೇಲಿಟ್ಟು, ಒಳರಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಬೆರಳಿಂದ ತಟ್ಟಿದಳು. “ಇದನ್ನ ತೆಗೆದವರೆಲ್ಲ ಇಲ್ಲಿ ಸಹಿ ಹಾಕ್ಬೇಕು. ಮೊದಲಿನಿಂದಲೂ ಹೀಗೇ.”

ಚೀಟಿಯಲ್ಲಿ ಇದ್ದದ್ದು ಮೂರೇ ಸಹಿ. ಎರಡು ಅವಳು ಹುಟ್ಟುವುದಕ್ಕೂ ಮೊದಲಿನವು. ಮೂರನೆಯದು ಕಳೆದ ಶನಿವಾರದ್ದು. ಪಕ್ಕದಲ್ಲಿ ಅವನ ಅಂಗಿಯ ಮೇಲಿದ್ದ ಅದೇ ಕಂಪನಿಯ ಹೆಸರು.

ಇವನು ಬಂದು ನೋಡಿಹೋಗಿದ್ದಾನೆ. ಅವಳ ಸಹಿ ಇಲ್ಲದ್ದನ್ನೂ ನೋಡಿದ್ದಾನೆ. ವಾರವಿಡೀ ಬಾಯಿ ಬಿಡದೆ, ಎದುರಿಗೇ ಹಿಡಿಯಲು ಕರೆಸಿದ್ದಾನೆ.

“ನಾನು ನೋಡಿರಲಿಲ್ಲ,” ಎಂದಳು. “ಹೌದು ಅಂದಿದ್ದು ಸುಳ್ಳು. ಆ ಮೆಕ್ಯಾನಿಕ್ ನನ್ನಜ್ಜ. ನಿಜ ಹೇಳಿದ್ರೆ ನೀವು ಮಾತು ಬಿಡ್ತೀರೇನೋ ಅಂತ ಹೆದರಿಬಿಟ್ಟೆ.”

ಅವನು ಹಾಳೆ ತಿರುಗಿಸಿದ. ನೂರ ಹತ್ತು. ನೂರ ಹನ್ನೊಂದು.

“ಓದಿ.”

‘ಅಂದಿನ ಪಾಳಿಯ ಮೆಕ್ಯಾನಿಕ್ ಕೈಯಿಂದಲೇ ಗೇಟು ಮುಚ್ಚಿದ್ದರಿಂದ ಕೆಳಗಿನ ಬೀದಿಗಳಿಗೆ ನೀರು ನುಗ್ಗಲಿಲ್ಲ.’

ಹೆಸರಿರಲಿಲ್ಲ. ಅಜ್ಜ ಸುಳ್ಳಾಡಿರಲಿಲ್ಲ, ಪುಟಕ್ಕೆ ಅವರ ಹೆಸರು ಬೇಕಾಗಿರಲಿಲ್ಲ, ಅಷ್ಟೇ.

“ಗೊತ್ತಿದ್ದೂ ಯಾಕೆ ಅಳಿಸಲಿಲ್ಲ?”

“ಅಳಿಸಿದ್ರೆ ಇವತ್ತು ನೀವು ಬರ್ತಿರಲಿಲ್ಲ.” ಅವನು ಕಿಟಕಿಯ ಕಡೆ ನೋಡುತ್ತಿದ್ದ. “ಒಂದು ವಾರ ನನಗೂ ನಿದ್ದೆಯಿಲ್ಲ. ನೀವಾಗೇ ಹೇಳ್ತೀರೋ ಇಲ್ವೋ ಅಂತ. ಹೇಳದಿದ್ರೆ ಪಂಚಾಯ್ತಿ ಮುಗಿಸಿ ಎದ್ದು ಹೋಗ್ಬೇಕಿತ್ತು. ಎದ್ದು ಹೋಗೋಕೆ ಮನಸ್ಸಿರಲಿಲ್ಲ.”

“ಶ್!” ಎಂದಳು ದಾಖಲೆ ಕಾಯುವ ಹೆಂಗಸು. “ಹೊರಗೆ ಅಷ್ಟುದ್ದ ಮೆಟ್ಟಿಲಿದೆಯಲ್ಲ, ಅಲ್ಲಿ ಮಾತಾಡ್ಕೊಳ್ಳಿ.”

ಮೆಟ್ಟಿಲ ಮೇಲೆ ಕೂತು, ಅಜ್ಜನ ಹೆಸರನ್ನು ಅವಳೇ ತೆಗೆದಳು. ತಿದ್ದಿದ್ದಕ್ಕೆ ಕಾರಣ ಬರೆಯುವ ಜಾಗದಲ್ಲಿ ಹೀಗೆ ಬರೆದಳು: ‘ಮೂಲದಲ್ಲಿ ಹೆಸರಿಲ್ಲ. ನೋಡದೆ ಬರೆದಿದ್ದೆ. ನೋಡಿದ್ದೇನೆಂದು ಸುಳ್ಳು ಹೇಳಿದ್ದೆ. ಕ್ಷಮಿಸಿ.’ ‘ಉಳಿಸಿ’ ಎಂಬುದನ್ನು ಒತ್ತಿದಳು. ಅಮ್ಮನಿಗೆ ಹೇಳುವುದು ಇನ್ನೂ ಬಾಕಿಯಿತ್ತು.

ಪಕ್ಕದಲ್ಲಿ ಅವನೂ ಏನೋ ಟೈಪ್ ಮಾಡುತ್ತಿದ್ದ, ಹೆಸರಿಗೆ ತಕ್ಕಂತೆ ಒಂದೊಂದೇ ಅಕ್ಷರ. ಚರ್ಚಾಪುಟದಲ್ಲಿ ಹೊಸ ಬರಹವಿದೆಯೆಂದು ಅವಳ ಫೋನು ಸಣ್ಣಗೆ ಅದುರಿತು.

‘ಸೂಚನೆ: ಇರುವೆಯವರ ವಿವಾದಗಳನ್ನು ಇನ್ನು ಬೇರೆ ಯಾರಾದರೂ ಬಗೆಹರಿಸಿ. ಇವರ ವಿಷಯದಲ್ಲಿ ನಾನು ತಟಸ್ಥನಲ್ಲ. ಎಂಟು ತಿಂಗಳಿಂದಲೂ ಅಲ್ಲ. ಇಂತಿ, ನಿಧಾನಿ.’

ಅವಳು ತಲೆಯೆತ್ತುವ ಮೊದಲೇ ಫೋನು ಮತ್ತೆ ಅದುರಿತು. ಸಿಡಿಲು ಕೆಳಗೇ ಬರೆದಿದ್ದ: ‘ಇದಕ್ಕೆ ಆಧಾರ ಏನು?’

ಕಣ್ಣಲ್ಲಿ ನೀರಿಟ್ಟುಕೊಂಡೇ ಅವಳಿಗೆ ನಗು ಉಕ್ಕಿಬಂತು. ತಿರುಗಿ ನೋಡಿದರೆ, ಈಗ ಬಿಳಿಚಿಕೊಂಡಿದ್ದು ಅವನ ಮುಖ.

“ಏನಂತ ಬರೀಲಿ?” ಅವನ ದನಿ ಕೇಳಿಸಿಯೂ ಕೇಳಿಸದಷ್ಟಿತ್ತು. “ನೀವು ಹೇಳದೆ ಬರೆಯೋ ಹಾಗಿಲ್ಲ.”

ಅವಳು ಸರಿದು, ಗ್ರೀಸ್ ಮೆತ್ತಿದ ಆ ತೋಳಿಗೆ ಭುಜ ತಾಗಿಸಿ ಕೂತಳು.

“ಕಣ್ಣಾರೆ ನೋಡಿದ್ದೀವಿ ಅಂತ ಬರೀರಿ,” ಎಂದಳು. “ಈ ಸಲ ಸುಳ್ಳಲ್ಲ.”